ವಿಮಾನ ಸೆರೆಹಿಡಿದವರು

ಸೆರೆಸಿಕ್ಕಿದ್ದು ಯಾವ ದೇಶದ್ದೆಂದು ಗುರುತಿಸುವ ತನಕ ಅದರ ಫೋಟೋವನ್ನು ಗೋಡೆಗೆ ಹಾಕತಕ್ಕದ್ದಲ್ಲ ಎಂದು ನಮ್ಮ ಯುದ್ಧ ದಾಖಲೆ ಕಚೇರಿಯ ಹನ್ನೊಂದನೇ ನಿಯಮ ಹೇಳುತ್ತದೆ. ಇದನ್ನು ಮಾಡಿದವರು ಯಾರೋ ಗೊತ್ತಿಲ್ಲ. ಅವರು ಬಹಳ ಮುಂದಾಲೋಚನೆಯವರು ಎಂಬುದರಲ್ಲಿ ಮಾತ್ರ ಚಿತ್ರ ವಿಭಾಗದ ಗುಮಾಸ್ತನಾದ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಯುದ್ಧ ಮುಗಿದು ಐವತ್ತು ವರ್ಷವಾದ ನೆನಪಿಗೆ ಪ್ರದರ್ಶನ ಮಾಡಿ ಎಂದು ಮೇಲಿನಿಂದ ಆದೇಶ ಬಂತು. ಹುಡುಕಿದಾಗ ಬೀರುವಿನ ಹಿಂದೆ ಒಂದು ಫೋಟೋ ಸಿಕ್ಕಿತು. ಬಯಲಿನಲ್ಲಿ ಎರಡು ಇಂಜಿನ್ನಿನ ಬಿಳಿ ವಿಮಾನ. ಬಾಲದ ಮೇಲೆ, ದೇಶದ ಗುರುತು ಇರಬೇಕಾದ ಜಾಗಕ್ಕೇ ಸರಿಯಾಗಿ, ಯಾರೋ ಟವೆಲ್ ಒಣಹಾಕಿದ್ದಾರೆ. ರೆಕ್ಕೆಯ ನೆರಳಿನಲ್ಲಿ ಒಬ್ಬ ಮುಖಕ್ಕೆ ಟೋಪಿ ಮುಚ್ಚಿಕೊಂಡು ಮಲಗಿದ್ದಾನೆ. ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ವಿಮಾನ. ಸೆರೆಹಿಡಿದವರು’ ಎಂದು ಬರೆದಿದೆ. ಮುಂದಿನ ಹೆಸರನ್ನು ಜಿರಲೆ ತಿಂದಿದೆ. ಹೆಸರು ಹೋದರೂ, ವಿಮಾನ ಸೆರೆಸಿಕ್ಕಿದ್ದೆಂಬುದು ಇದರಿಂದ ರುಜುವಾತಾಯಿತು. ನಾನು ಅದೇ ದಿನ ಫೈಲು ತೆರೆದೆ.

ಕೂಡಲೇ ಸಮಿತಿ ರಚನೆಯಾಯಿತು. ನಿರ್ದೇಶಕರು ಅಧ್ಯಕ್ಷರು, ನಾನು ಕಾರ್ಯದರ್ಶಿ. ತಜ್ಞರೊಬ್ಬರು ಇರಲೇಬೇಕಾದ್ದರಿಂದ, ದೊಡ್ಡ ವಾಹನಗಳ ಅನುಭವವಿದ್ದ ಬಸ್ ಡಿಪೋ ಮ್ಯಾನೇಜರರನ್ನು ಕರೆಸಿದೆವು. ಅವರು ಫೋಟೋವನ್ನು ಅರ್ಧ ಗಂಟೆ ತಿರುವಿಮುರುವಿ ನೋಡಿ, ಇದು ತಮ್ಮ ಡಿಪೋದ್ದಲ್ಲ ಎಂದು ಖಚಿತವಾಗಿ ಹೇಳಿದರು. ಮೊದಲ ಸಭೆಯಲ್ಲೇ ಇಷ್ಟು ಪ್ರಗತಿ ಆದದ್ದಕ್ಕೆ ನಿರ್ದೇಶಕರು ಸಂತೋಷಪಟ್ಟರು. ಉಳಿದದ್ದಕ್ಕೆ ಪತ್ರಿಕೆಯಲ್ಲಿ ಫೋಟೋ ಸಮೇತ ಪ್ರಕಟಣೆ ಕೊಟ್ಟೆವು: ‘ಈ ವಿಮಾನವನ್ನು ಬಲ್ಲವರು ಅಥವಾ ಈಚೆಗೆ ಎಲ್ಲಾದರೂ ಕಂಡವರು ಕಚೇರಿ ವೇಳೆಯಲ್ಲಿ ಬರತಕ್ಕದ್ದು. ವಿಮಾನ ಖುದ್ದಾಗಿ ಹಾಜರಾಗುವ ಅಗತ್ಯವಿಲ್ಲ.’

ಮೊದಲು ಬಂದವರು ಒಬ್ಬ ಹೆಂಗಸು. ಟೈಲರ್; ಅವಸರದಲ್ಲಿ ಅಳತೆಯ ಟೇಪನ್ನು ಕತ್ತಿನಲ್ಲೇ ಮರೆತು ಬಂದಿದ್ದರು. ತಂದೆಗೆ ತೊಂಬತ್ತೊಂದು ವರ್ಷ, ಫೋಟೋ ಸ್ಟುಡಿಯೋ ಇಟ್ಟಿರುವವರು. ಯುದ್ಧದಲ್ಲಿ ತೆಗೆದ ಒಂದು ಫೋಟೋದ ಕೆಳಗೂ ಅವರ ಹೆಸರು ಬಂದಿಲ್ಲ. ಈಗ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಪೂರ್ತಿ ಹೋಗುವ ಮುಂಚೆ ತಮ್ಮ ಹೆಸರನ್ನು ಗೋಡೆಯ ಮೇಲೆ ಒಮ್ಮೆ ನೋಡಬೇಕು, ಅದೊಂದೇ ಆಸೆ. ಇಷ್ಟನ್ನೂ ಆಕೆ ಅರ್ಜಿಯಲ್ಲಿ ಬರೆದು, ಕೊನೆಗೆ ‘ಸದರಿ ವಿಮಾನವನ್ನು ಸೆರೆಹಿಡಿದವರು ನಮ್ಮ ತಂದೆ’ ಎಂದು ಮುಗಿಸಿದ್ದರು.

ನಿರ್ದೇಶಕರು ಎದ್ದು ನಿಂತು ಕೈ ಮುಗಿದರು. ಆಕೆ ಗಾಬರಿಯಾದರು.

“ಕ್ಯಾಮೆರಾದಲ್ಲಿ ಸಾರ್.”

“ಯಾವುದರಲ್ಲಾದ್ರೂ ಆಗ್ಲಿ ಬಿಡಮ್ಮ. ಹಿಡಿದಿದ್ದು ಮುಖ್ಯ,” ಎಂದರು ನಿರ್ದೇಶಕರು.

ನಾನು ‘ಬಳಸಿದ ಆಯುಧ’ ಎಂಬ ಕಾಲಮ್ಮಿನಲ್ಲಿ ಕ್ಯಾಮೆರಾ ಎಂದು ತುಂಬಿದೆ.

ಮಾರನೆಯ ದಿನ ವಾಯುಪಡೆಯ ನಿವೃತ್ತ ಮೆಕ್ಯಾನಿಕ್ ಒಬ್ಬರು ಬಂದರು. ನಾನು ಕೊಟ್ಟ ಭೂತಗನ್ನಡಿಯನ್ನು ಬೇಡವೆಂದು ಪಕ್ಕಕ್ಕೆ ಸರಿಸಿದರು.

“ಇದು ನಮ್ಮದೇ ವಿಮಾನ ಕಣ್ರೀ. ನಮ್ಮವು ಬಿಳಿ, ಅವರವು ಕಪ್ಪು. ಆ ಟವೆಲ್ ನಂದು. ಕೆಳಗೆ ಮಲಗಿರೋನೂ ನಾನೇ.”

ಸಮಿತಿ ಪೇಚಿಗೆ ಸಿಕ್ಕಿತು. ವಿಮಾನ ನಮ್ಮದು, ಸೆರೆಸಿಕ್ಕಿದ್ದೂ ನಿಜ, ಹಿಡಿದವರ ಮಗಳೇ ಲಿಖಿತವಾಗಿ ಒಪ್ಪಿದ್ದಾರೆ. ಅಂದಮೇಲೆ ಸ್ಟುಡಿಯೋ ತಾತ ಸರ್ಕಾರದ ವಿಮಾನವನ್ನು ಹಿಡಿದು ಐವತ್ತು ವರ್ಷದಿಂದ ಇಟ್ಟುಕೊಂಡಿದ್ದಾರೆ. ಹದಿನೈದು ದಿನದೊಳಗೆ ವಿಮಾನವನ್ನು ಸುಸ್ಥಿತಿಯಲ್ಲಿ ಹಿಂದಿರುಗಿಸಿ ಎಂದು ಅವರಿಗೆ ನೋಟಿಸು ಹೋಯಿತು. ಕರ್ತವ್ಯದ ವೇಳೆ ಮಲಗಿದ್ದೇಕೆ ಎಂದು ಮೆಕ್ಯಾನಿಕ್ಕರಿಗೂ ಒಂದು ಕಳಿಸಿದೆವು. ಅವರು ‘ನಿದ್ದೆ ಬಂದಿತ್ತು’ ಎಂದು ಉತ್ತರ ಬರೆದರು.

ಹದಿಮೂರನೇ ದಿನ ತಾತ ಮಗಳ ಕೈ ಹಿಡಿದು ಮೂರು ಮಹಡಿ ಹತ್ತಿ ಬಂದರು. ಮಗಳ ಮುಖ ಕೆಂಪಾಗಿತ್ತು. ನೋಟಿಸು ಓದಿದಾಗಿನಿಂದ ಅಪ್ಪ ಸರಿಯಾಗಿ ಊಟ ಮಾಡಿಲ್ಲವೆಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ತಾತ ಕೋಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದು, ಅದರೊಳಗಿನ ನೆಗೆಟಿವನ್ನು ಅಂಚಿನಲ್ಲಿ ಹಿಡಿದು ಮೇಜಿನ ಮೇಲಿಟ್ಟರು.

“ತಗೊಳ್ಳಿ ಸ್ವಾಮಿ. ಐವತ್ತು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ. ಯುದ್ಧದಲ್ಲಿ ನಾನು ತೆಗೆದದ್ದು ಅಂತ ಉಳಿದಿರೋದು ಇದೊಂದೇ. ಕೆಳಗೆ ಹೆಸರು ಮಾತ್ರ ಹಾಕಿ.”

ನಾನು ರಸೀದಿ ಬರೆದೆ: ‘ವಿಮಾನ ಒಂದು. ಉದ್ದ ಎರಡೂಕಾಲು ಇಂಚು. ಬಣ್ಣ ಕಪ್ಪು.’

“ಕಪ್ಪಾ?” ಎಂದು ನಿರ್ದೇಶಕರು ನೆಗೆಟಿವನ್ನು ಕಿಟಕಿಯ ಬೆಳಕಿಗೆ ಹಿಡಿದರು. ವಿಮಾನ ಮೂತಿಯಿಂದ ಬಾಲದ ತನಕ ಕಪ್ಪಗಿತ್ತು. ನೆಗೆಟಿವ್ ಮೂಲ, ಫೋಟೋ ಬರೀ ನಕಲು. ಮೂಲಕ್ಕೂ ನಕಲಿಗೂ ವ್ಯತ್ಯಾಸ ಕಂಡುಬಂದಲ್ಲಿ ಮೂಲವೇ ಮಾನ್ಯ ಎಂಬುದು ಮೂರನೇ ನಿಯಮ. ಕಪ್ಪು ವಿಮಾನಗಳು ಶತ್ರುವಿನವು ಎಂದು ಮೆಕ್ಯಾನಿಕ್ಕರೇ ಹೇಳಿಕೆ ಕೊಟ್ಟಿದ್ದರು. ವಿಮಾನದ ಗುರುತು ಹೀಗೆ ಐದೇ ನಿಮಿಷದಲ್ಲಿ ಪತ್ತೆಯಾಯಿತು. ತಾತನ ಮೇಲಿನ ನೋಟಿಸನ್ನು ವಾಪಸು ಪಡೆದೆವು.

ಇದರಿಂದ ಮೆಕ್ಯಾನಿಕ್ಕರ ಸ್ಥಿತಿ ಸ್ವಲ್ಪ ಬದಲಾಯಿತು. ಶತ್ರು ವಿಮಾನದ ಕೆಳಗೆ ನಿಶ್ಚಿಂತೆಯಿಂದ ಮಲಗಿದ್ದವರು ಶತ್ರು ಸೈನಿಕರೇ ಇರಬೇಕು. ಸೆರೆಯಾಳು ಹಿಡಿದವರ ಸುಪರ್ದಿಯಲ್ಲಿ ಇರತಕ್ಕದ್ದಾದ್ದರಿಂದ, ದಿನವೂ ಸಂಜೆ ಐದಕ್ಕೆ ಸ್ಟುಡಿಯೋದಲ್ಲಿ ಹಾಜರಾಗಬೇಕೆಂದು ಆದೇಶಿಸಿದೆವು. ಅಲ್ಲಿ ಟೀ ಕೊಡುತ್ತಾರಾ ಎಂದು ಮೆಕ್ಯಾನಿಕ್ ವಿಚಾರಿಸಿದರು. ಕೊಡುತ್ತಾರೆಂದು ತಿಳಿದ ಮೇಲೆ ಸಹಿ ಹಾಕಿದರು.

ಪ್ರದರ್ಶನದ ದಿನ ಫೋಟೋದ ಕೆಳಗಿನ ಫಲಕದಲ್ಲಿ ಹೀಗಿತ್ತು: ‘ಶತ್ರು ವಿಮಾನವನ್ನೂ ಒಬ್ಬ ಸೈನಿಕನನ್ನೂ ಒಂಟಿಯಾಗಿ ಸೆರೆಹಿಡಿದವರು’, ಮುಂದೆ ತಾತನ ಪೂರ್ತಿ ಹೆಸರು, ಅಂಗೈಯಗಲದ ಅಕ್ಷರದಲ್ಲಿ. ಮಗಳು ಅದನ್ನು ಓದಿ ನನ್ನ ಕಡೆ ದುರುಗುಟ್ಟಿಕೊಂಡು ತಿರುಗಿದರು. ಅಷ್ಟರಲ್ಲಿ ತಾತ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಹೆಸರಿನ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸತೊಡಗಿದ್ದರು.

“ಏನಂತ ಹಾಕಿದಾರೆ ಮಗಳೇ?”

ಆಕೆ ಫಲಕವನ್ನೂ ಅಪ್ಪನ ಬೆರಳನ್ನೂ ನೋಡಿದರು.

“ಸೆರೆಹಿಡಿದವರು ಅಂತ ಹಾಕಿ ನಿನ್ನ ಹೆಸರು ಬರೆದಿದಾರೆ ಅಪ್ಪ.”

“ಸರಿಯಾಗಿದೆ,” ಎಂದರು ತಾತ. ಅವರ ಕಣ್ಣಲ್ಲಿ ನೀರಿತ್ತು. ಮಗಳು ಆಮೇಲೆ ಜಗಳಕ್ಕೆ ಬರಲಿಲ್ಲ.

ಆ ಸಂತೋಷಕ್ಕೆ ತಾತ ತಮ್ಮ ಹಳೆಯ ಕ್ಯಾಮೆರಾ ತರಿಸಿ, ನಿರ್ದೇಶಕರು, ಡಿಪೋ ಮ್ಯಾನೇಜರ್, ಸೆರೆಯಾಳು ಮತ್ತು ನನ್ನನ್ನು ಸಾಲಾಗಿ ನಿಲ್ಲಿಸಿ ಒಂದು ಫೋಟೋ ತೆಗೆದರು. ಅದು ವಾರದ ನಂತರ ಕಚೇರಿಗೆ ಬಂತು. ಹಿಂಬದಿಯಲ್ಲಿ ಪೆನ್ಸಿಲಿನ ಬರಹ: ‘ಕಚೇರಿಯವರು. ಸೆರೆಹಿಡಿದವರು’, ಮುಂದೆ ತಾತನ ಹೆಸರು.

ನಾನು ಅದೇ ದಿನ ಫೈಲು ತೆರೆದೆ. ಹನ್ನೊಂದನೇ ನಿಯಮದ ಪ್ರಕಾರ, ನಾವು ಯಾವ ದೇಶದವರೆಂದು ಗುರುತಿಸುವ ತನಕ ಈ ಫೋಟೋವನ್ನು ಗೋಡೆಗೆ ಹಾಕುವಂತಿಲ್ಲ. ಅಲ್ಲಿಯವರೆಗೆ, ಸೆರೆಸಿಕ್ಕಿದವರಾದ ನಿರ್ದೇಶಕರೂ ಡಿಪೋ ಮ್ಯಾನೇಜರರೂ ನಾನೂ ಸಂಜೆ ಐದಕ್ಕೆ ಸ್ಟುಡಿಯೋದಲ್ಲಿ ಹಾಜರಾಗುತ್ತಿದ್ದೇವೆ; ಟೀ ಚೆನ್ನಾಗಿರುತ್ತದೆ. ಸಮಿತಿಯ ಮೊದಲ ಸಭೆ ಮುಗಿದಿದೆ. ಡಿಪೋ ಮ್ಯಾನೇಜರರು ಫೋಟೋವನ್ನು ಅರ್ಧ ಗಂಟೆ ನೋಡಿ, ಒಬ್ಬರನ್ನು ಬಿಟ್ಟು ಉಳಿದವರಾರೂ ತಮ್ಮ ಡಿಪೋದವರಲ್ಲ ಎಂದು ಖಚಿತಪಡಿಸಿದ್ದಾರೆ.