ಟೈಲರಮ್ಮನೂ ಮೀಟರಿನ ಮುಳ್ಳೂ

"ಈ ಮುಳ್ಳನ್ನ ಇವತ್ತು ಎಬ್ಬಿಸದೇ ಹೋದ್ರೆ ನಾನು ಕತ್ತರಿ ಹಿಡಿಯೋದನ್ನೇ ಬಿಡ್ತೀನಿ!"

ಟೈಲರಮ್ಮ ಹೀಗೆಂದು ಶಪಥ ಮಾಡಿದ್ದು ಮೆಕ್ಯಾನಿಕ್ಕನ ಅಂಗಡಿಯ ಮುಂದೆ, ನಾಲ್ಕು ಜನರ ಎದುರಿಗೆ. ಮುಳ್ಳೆಂದರೆ ಕಾಲಿಗೆ ಚುಚ್ಚುವುದಲ್ಲ. ತೀರಿಹೋದ ಗಂಡನ ಹಳೇ ಸ್ಕೂಟರಿನ ಸ್ಪೀಡೋಮೀಟರ್ ಮುಳ್ಳು. ಅದು ವರ್ಷದಿಂದ ಸೊನ್ನೆಯ ಮೇಲೆ ಮಲಗಿತ್ತು. ಗಾಡಿ ಓಡುತ್ತಿತ್ತು. ಮೀಟರ್ ಮಾತ್ರ ಒಪ್ಪುತ್ತಿರಲಿಲ್ಲ.

ಮೆಕ್ಯಾನಿಕ್ ಒಳ್ಳೆಯ ಮಾತೇ ಆಡಿದ್ದ. "ಅಕ್ಕ, ಇದು ಅಜ್ಜನ ಕಾಲದ್ದು. ಹೊಸ ಮೀಟರ್ ಹಾಕಿಬಿಡ್ತೀನಿ. ಸೊನ್ನೆಯಿಂದ ಶುರು ಮಾಡಿ."

"ಸೊನ್ನೆಯಿಂದ ಶುರು ಮಾಡೋಕೆ ನಾನೇನು ನಿನ್ನೆ ಹುಟ್ಟಿದೀನಾ?"

ಸಿಟ್ಟಿಗೆ ಕಾರಣವಿತ್ತು. ಮುಳ್ಳಿನ ಕೆಳಗೆ ಒಂದು ಸಣ್ಣ ಕಿಟಕಿ. ಅದರೊಳಗೆ ಐದು ಅಂಕಿ: 99987. ಗಾಡಿ ಓಡಿದ ಕಿಲೋಮೀಟರು. ಅಷ್ಟನ್ನೂ ಓಡಿಸಿದವನು ಗಂಡ. "ಲಕ್ಷ ತುಂಬೋ ದಿನ ಹ್ಯಾಂಡಲ್ ನಿನ್ನ ಕೈಗೆ. ನಾನು ಹಿಂದೆ ಕೂರ್ತೀನಿ" ಎನ್ನುತ್ತಿದ್ದ. ಹದಿಮೂರು ಬಾಕಿ ಇರುವಾಗ ಮೀಟರ್ ಹೋಯಿತು. ಅದೇ ವಾರ ಅವನೂ ಹೋದ.

ಆಮೇಲೆ ಅವಳು ಗಾಡಿ ಕಲಿತಳು. ಹೊಲಿದ ಬಟ್ಟೆ ಹೊತ್ತು ಊರೆಲ್ಲ ಸುತ್ತಿದಳು. ಅದನ್ನು ಮೀಟರ್ ಲೆಕ್ಕಕ್ಕೆ ಹಿಡಿಯಲಿಲ್ಲ. ಅವಳೂ ಹಿಡಿಯಲಿಲ್ಲ. ಆ ಹದಿಮೂರನ್ನು ಈ ಮೀಟರೇ ನೋಡುವಂತೆ ರಸ್ತೆಯ ಮೇಲೆ ಓಡಿಸಿ ಮುಗಿಸಬೇಕು. ಅವಳಿಗೆ ಬೇಕಾಗಿದ್ದು ಇಷ್ಟೇ.

ಮೀಟರಿನ ಹೊಸ ಕೇಬಲ್ ಹಿಡಿದು ಮನೆಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು.

"ಗೆದ್ದು ಬಂದ್ಯಾ?"

"ಈಗ ಗೆಲ್ತೀನಿ. ನಾಳೆ ಬೆಳಗ್ಗೆ ಹೋಗಿ ಲಕ್ಷ ಮುಗಿಸ್ಕೊಂಡು ಬರ್ತೀನಿ."

"ಒಬ್ಬಳೇನಾ?"

"ಒಬ್ಬಳೇ."

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು.

ಯುದ್ಧ ಶುರುವಾಯಿತು! ಮುಂದಿನ ಚಕ್ರದಿಂದ ಮೀಟರಿಗೆ ಒಂದು ಕರಿ ಕೊಳವೆ. ಕೊಳವೆಯೊಳಗೆ ತಂತಿ. ಚಕ್ರ ತಿರುಗಿದರೆ ತಂತಿ ತಿರುಗಬೇಕು, ತಂತಿ ತಿರುಗಿದರೆ ಮುಳ್ಳು ಏಳಬೇಕು. "ಇಷ್ಟೇ ತಾನೇ! ಸೂಜಿಗೆ ದಾರ ಪೋಣಿಸೋದೇ ಇದಕ್ಕಿಂತ ಕಷ್ಟ!" ಹಳೇ ತಂತಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬಂದದ್ದು ಅರ್ಧ. ಇನ್ನರ್ಧವನ್ನು ಆ ಕಡೆಯಿಂದ ಎಳೆದಳು. ಕಳ್ಳ ಸಿಕ್ಕಿಬಿದ್ದ!

ಹೊಸದನ್ನು ಹಾಕಿ, ಇಟ್ಟಿಗೆ ಕೊಟ್ಟು ಮುಂದಿನ ಚಕ್ರ ಎತ್ತಿ, ಕೈಯಲ್ಲಿ ತಿರುಗಿಸಿದಳು. ಮುಳ್ಳು ಎದ್ದಿತು. ಎದ್ದದ್ದು ಕೂರಲಿಲ್ಲ. ಸೊನ್ನೆಯಿಂದ ನಲವತ್ತಕ್ಕೆ ನೆಗೆದು, ನಲವತ್ತರಿಂದ ಹತ್ತಕ್ಕೆ ಬಿದ್ದು, ಮತ್ತೆ ನೆಗೆಯಿತು.

"ಇದೇನೇ, ಇರುವೆ ಕಚ್ಚಿದ ಹಾಗೆ ಆಡ್ತಿದೆ!"

"ತಂತಿ ಒಣಗಿದೆ ಅತ್ತೆ. ಎಣ್ಣೆ ಬೇಕು."

ಎರಡು ಹನಿ ಸಾಕಿತ್ತು. ಟೈಲರಮ್ಮ ಹೊಲಿಗೆ ಮೆಷಿನ್ನಿನ ಎಣ್ಣೆ ಬಾಟಲಿಯನ್ನೇ ಕೊಳವೆಗೆ ಬಗ್ಗಿಸಿದಳು. ಚಕ್ರ ತಿರುಗಿಸಿದಳು. ತಂತಿ ತಿರುಗುತ್ತಾ ತಿರುಗುತ್ತಾ ಎಣ್ಣೆಯನ್ನು ಮೇಲಕ್ಕೆ ಹೊತ್ತು ಮೀಟರಿನ ಹೊಟ್ಟೆಗೇ ಸುರಿಯಿತು. ಮುಳ್ಳಿನ ಕುಣಿತ ನಿಂತಿತು. ನಲವತ್ತರ ಮೇಲೆ ನಿಂತಿತು. ಚಕ್ರ ನಿಂತರೂ ಇಳಿಯಲಿಲ್ಲ!

ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಬೇಗ ಬ್ರೇಕ್ ಹಾಕೇ! ಗೋಡೆಗೆ ಹೊಡೆಯುತ್ತೆ!"

"ನಗಬೇಡಿ ಅತ್ತೆ."

"ನಾನೆಲ್ಲಿ ನಕ್ಕೆ? ನಿಂತಲ್ಲೇ ನಲವತ್ತು ಓಡಿಸೋ ಸೊಸೆ ಎಷ್ಟು ಜನಕ್ಕೆ ಸಿಗ್ತಾಳೆ!"

ಟೈಲರಮ್ಮ ಹಲ್ಲು ಕಚ್ಚಿ ಮೀಟರ್ ಬಿಚ್ಚಿದಳು. ಒಳಗೆ ತಂದು ಮೆಷಿನ್ನಿನ ಮೇಲಿಟ್ಟಳು. ಸುತ್ತಲಿನ ಉಂಗುರ ಎಬ್ಬಿಸಿ, ಗಾಜು ತೆಗೆದು, ಎಣ್ಣೆಯನ್ನೆಲ್ಲ ಬಟ್ಟೆ ಚೂರಿನಿಂದ ಹೀರಿಸಿದಳು. ಮುಳ್ಳು ಮೆಲ್ಲಗೆ ಸೊನ್ನೆಗೆ ಇಳಿಯಿತು. ಸರಿ, ಅರವತ್ತಕ್ಕೆ ಏಳುತ್ತದೋ? ಕೈಯಲ್ಲಿ ಚಕ್ರ ತಿರುಗಿಸಿ ಅರವತ್ತು ತರಲು ಭೀಮನೇ ಬರಬೇಕು.

ಆಗ ಅವಳ ತಲೆಯಲ್ಲಿ ದೀಪ ಹತ್ತಿತು! ಮೆಷಿನ್ನಿನಲ್ಲಿ ಬಾಬಿನ್‌ಗೆ ದಾರ ಸುತ್ತುವ ಪುಟ್ಟ ರಬ್ಬರ್ ಗಾಲಿ ಇದೆ. ತುಳಿದರೆ ಗಿರ್ರನೆ ತಿರುಗುತ್ತದೆ. ಕೇಬಲಿನ ಒಂದು ತುದಿ ಅದಕ್ಕೆ, ಇನ್ನೊಂದು ಮೀಟರಿಗೆ!

"ನಾನು ತುಳೀಲಾ?" ಎಂದರು ಅತ್ತೆ.

"ಮುಟ್ಟಬೇಡಿ! ನೀವು ತುಳಿದ್ರೆ ಹಿಂದಕ್ಕೆ ಹೋಗುತ್ತೆ."

ಸುಳ್ಳಲ್ಲ. ಅತ್ತೆ ಯಾವಾಗ ತುಳಿದರೂ ಮೆಷಿನ್ ಉಲ್ಟಾ ತಿರುಗಿ ದಾರ ಕಿತ್ತುಬರುತ್ತಿತ್ತು. "ನಿನ್ನ ಮೆಷಿನ್ನೇ ಸರಿಯಿಲ್ಲ" ಎನ್ನುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು! ಹತ್ತು ವರ್ಷದಿಂದ ಅವರಿಗೆ ಪೆಡಲ್ ನಿಷೇಧ.

ಟೈಲರಮ್ಮ ತುಳಿದಳು. ಮುಳ್ಳು ಎದ್ದಿತು. ಇಪ್ಪತ್ತು. ನಲವತ್ತು. ನಡುಕವಿಲ್ಲ, ಕುಣಿತವಿಲ್ಲ. ಅರವತ್ತು!

"ಅತ್ತೆ, ಅರವತ್ತು!"

"ಎಂಬತ್ತು ಮಾಡು ನೋಡೋಣ!"

ಅತ್ತೆ ಸ್ಟೂಲ್ ಎಳೆದು ಹಿಂದೆ ಕೂತು ಅವಳ ಹೆಗಲು ಹಿಡಿದರು. "ಪೀಂ ಪೀಂ! ಸರೀರಿ, ಸರೀರಿ! ಮುಂದೆ ಲಾರಿ ಬಂತು ಕಣೇ!"

"ಲಾರೀನ ಹಿಂದೆ ಹಾಕಾಯ್ತು ಅತ್ತೆ!"

"ತಿರುವು ಬಂತು, ವಾಲು!"

ಇಬ್ಬರೂ ಎಡಕ್ಕೆ ವಾಲಿದರು. ಬಲಕ್ಕೆ ವಾಲಿದರು. ಹೊಲಿದಿಟ್ಟ ಬಟ್ಟೆಯ ರಾಶಿ ಬಿತ್ತು. ಆ ಮನೆಯಲ್ಲಿ ನಗು ಕೇಳಿ ವರ್ಷವಾಗಿತ್ತು. ಕಾಲು ಗಂಟೆ ತುಳಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನೀರು ಒರೆಸಿಕೊಂಡು ಮೀಟರ್ ನೋಡಿದಳು.

ಇಬ್ಬರೂ ನೋಡಿದ್ದು ಮುಳ್ಳನ್ನು. ಕೆಳಗಿನ ಕಿಟಕಿಯನ್ನು ಯಾರೂ ನೋಡಿರಲಿಲ್ಲ.

00000.

ಲಕ್ಷ ತುಂಬಿತ್ತು! ಕೋಣೆಯೊಳಗೆ, ಸ್ಟೂಲಿನ ಮೇಲೆ ಕೂತು, ಒಂದು ಗೇಣೂ ಮುಂದೆ ಹೋಗದೆ! ಗಂಡನ ಅಷ್ಟೂ ಕಿಲೋಮೀಟರನ್ನು ಅಳಿಸಿ, ಅವಳ ಹದಿಮೂರನ್ನೂ ನುಂಗಿ, ಮೀಟರ್ ಐದು ಬಾಯಿ ತೆರೆದು ಕೂತಿತ್ತು.

ಟೈಲರಮ್ಮ ಅತ್ತಳು. ಜೋರಾಗಿಯೇ ಅತ್ತಳು. "ಮೆಕ್ಯಾನಿಕ್ ಹೇಳಿದ್ದೇ ಆಯ್ತು ಅತ್ತೆ. ಸೊನ್ನೆ."

ಅತ್ತೆ ಕನ್ನಡಕ ಏರಿಸಿ ಸೊನ್ನೆಗಳನ್ನು ನೋಡಿದರು. ಆಮೇಲೆ ಕೇಳಿದರು. "ನಾನು ತುಳಿದ್ರೆ ಏನಾಗುತ್ತೆ ಅಂದೆ?"

"ಹಿಂದಕ್ಕೆ ಹೋಗುತ್ತೆ."

"ಹಾಗಾದ್ರೆ ಏಳು."

ಅವಳು ಎದ್ದಳು. ಅತ್ತೆ ಸೆರಗು ಸಿಕ್ಕಿಸಿ, ರಾಣಿಯ ಹಾಗೆ ಕೂತು, ಪೆಡಲಿನ ಮೇಲೆ ಕಾಲಿಟ್ಟರು. ಮೆಷಿನ್ ತಾನಾಗಿಯೇ ಉಲ್ಟಾ ತಿರುಗಿತು! ಮುಳ್ಳು ಸೊನ್ನೆಗೆ ಒತ್ತಿಕೊಂಡು ನಡುಗಿತು. ಕಿಟಕಿಯಲ್ಲಿ ಕೊನೆಯ ಸೊನ್ನೆ ಕದಲಿತು. ಐದೂ ಒಟ್ಟಿಗೆ ಹೊರಳಿದವು. 99999!

ಮಂಡಿ ನೋವಿನ ಕಾಲು. ಮಧ್ಯೆ ಮೂರು ಸಲ ನೀರು ಕುಡಿದರು. ಸೊಸೆ ಮಂಡಿ ನೀವಿದಳು. ಕಾಲು ಗಂಟೆಯಲ್ಲಿ ಹೋದ ದಾರಿಯನ್ನು ಹಿಂದಿರುಗಲು ಒಂದೂವರೆ ಗಂಟೆ ಬೇಕಾಯಿತು. 99990. 99988.

"ಅತ್ತೆ, ಎಂಬತ್ತೇಳು ಬಂತು! ಸಾಕು!"

ಅತ್ತೆ ನಿಲ್ಲಿಸಲಿಲ್ಲ. 99985ಕ್ಕೆ ಕಾಲು ತೆಗೆದರು.

"ಎರಡು ಜಾಸ್ತಿ ಹಿಂದೆ ಹೋಯ್ತಲ್ಲ ಅತ್ತೆ!"

"ಗೊತ್ತು. ಆ ಎರಡು ನನ್ನವು." ಬೆವರು ಒರೆಸಿಕೊಂಡರು. "ನಾಳೆ ಹಿಂದಿನ ಸೀಟಲ್ಲಿ ನಾನು ಕೂರ್ತೀನಿ. ಅವನ ಬದಲಿಗೆ."

ಹತ್ತು ವರ್ಷದ ನಿಷೇಧ ನೆನೆದು ಟೈಲರಮ್ಮ ತಲೆ ತಗ್ಗಿಸಿದಳು. "ಇನ್ಮೇಲೆ ಮೆಷಿನ್ ನೀವೇ ತುಳೀರಿ ಅತ್ತೆ. ಬೇಕಾದ್ರೆ ಗಾಡೀನೂ ನೀವೇ ಓಡಿಸಿ."

"ಬೇಡಮ್ಮ," ಎಂದರು ಅತ್ತೆ. "ನಾನು ಓಡಿಸಿದ್ರೆ ಗಾಡೀನೂ ಹಿಂದಕ್ಕೇ ಹೋಗುತ್ತೆ!"