ಕುರಾಮೋಚಿಯವರ ಅರ್ಧ ನಿಮಿಷ

ಕುರಾಮೋಚಿ: ಉಸಿರಾಡಬೇಡ ಅಂದೆನಲ್ಲ!

ಹಿಸಾನೊ: ಉಸಿರಾಡದೇ ಇದ್ರೆ ಸತ್ತುಹೋಗ್ತೀನಿ ಕಣ್ರೀ.

ಕುರಾಮೋಚಿ: ಒಂದು ಗಂಟೆ ಹೊಡೆದಮೇಲೆ ಸಾಯಿ. ಬೆಳಿಗ್ಗೆ ಏಳು ಗಂಟೆಯ ರೇಡಿಯೋ ಸದ್ದನ್ನ ಹಾಳುಮಾಡಿದ್ದು ಸಾಲದಾ? ಕೊನೇ 'ಪೀಂ' ಬರೋ ಹೊತ್ತಿಗೆ ಸರಿಯಾಗಿ ಬಂದು 'ಮೂಲಂಗಿ ಉಪ್ಪಿನಕಾಯಿ ಹಾಕ್ಲಾ' ಅಂತ ಕೇಳಿದೋಳು ಯಾರು?

ಹಿಸಾನೊ: ಗಂಡನಿಗೆ ಉಪ್ಪಿನಕಾಯಿ ಬಡಿಸೋಕೂ ಮುಹೂರ್ತ ನೋಡ್ಬೇಕು ಅಂತ ನಂಗೇನು ಗೊತ್ತಿತ್ತು?

ಕುರಾಮೋಚಿ ಆಯಸ್ಸಿಡೀ ಊರಿನ ಒಂಟಿ ಬೋಗಿಯ ರೈಲು ಓಡಿಸಿ ನಿವೃತ್ತರಾದವರು. ಈಗ ಚಾಪೆಯ ಮೇಲೆ ಮಂಡಿಯೂರಿ ಕೂತಿದ್ದರು. ಮುಂದಿದ್ದ ಗಿಡ್ಡ ಮೇಜಿನ ಮೇಲೆ ಕೀ ಕೊಡುವ ಹಳೇ ಕೈಗಡಿಯಾರ. ಅದರ ಪಕ್ಕದಲ್ಲಿ ಕಳೆದ ಶರತ್ಕಾಲದಲ್ಲಿ ಮಗ ಕಳಿಸಿದ ಹೊಸ ರೇಡಿಯೋ. ಗಡಿಯಾರದ ಗುಂಡಿಯನ್ನು ಹೊರಗೆಳೆದು ಮುಳ್ಳುಗಳನ್ನು ಒಂದು ಗಂಟೆಗೆ ನಿಲ್ಲಿಸಿದ್ದರು. ರೇಡಿಯೋದಲ್ಲಿ ಉದ್ದನೆಯ 'ಪೀಂ' ಬಂದ ಕ್ಷಣಕ್ಕೆ ಗುಂಡಿ ಒತ್ತಬೇಕು, ಮುಳ್ಳು ಓಡಬೇಕು. ಕೆಲಸ ಇಷ್ಟೇ. ಇಷ್ಟಕ್ಕೆ ದಿನಾ ಬೆಳಿಗ್ಗೆ ಮನೆಯನ್ನೆಲ್ಲ ಉಸಿರು ಬಿಗಿಹಿಡಿಸುವ ಗಂಡನನ್ನು ನೋಡಿ ನೋಡಿ ಹಿಸಾನೊಗೆ ಗಡಿಯಾರವೆಂದರೆ ಮೈಯೆಲ್ಲ ಉರಿಯುತ್ತಿತ್ತು.

ಹಿಸಾನೊ: ಮುಳ್ಳನ್ನ ಮುಂದೆ ತಗೊಂಡ್ಹೋಗಿ ಮತ್ತೆ ಹಿಂದೆ ಯಾಕೆ ತಂದ್ರಿ? ದಾರಿ ಮರೆತುಹೋಯ್ತಾ?

ಕುರಾಮೋಚಿ: ತಿಳೀದಿದ್ರೆ ಸುಮ್ನಿರು. ಗೆರೆ ದಾಟಿಸಿ ಒಂದು ಕೂದಲಷ್ಟು ಹಿಂದಕ್ಕೆ ತಂದ್ರೆ ಒಳಗಿನ ಚಕ್ರಗಳ ಹಲ್ಲುಗಳ ಸಡಿಲ ಹೋಗುತ್ತೆ.

ಹಿಸಾನೊ: ನಿಮ್ಮ ಬಾಯಲ್ಲಿರೋವಕ್ಕೂ ಹಾಗೇ ಏನಾದ್ರೂ ಮಾಡ್ಕೊಳ್ಳಿ. ಅಂದಹಾಗೆ, ಆ ಮಗು ಬರೋ ಹೊತ್ತಾಯ್ತು. ಅವಳೆದುರಿಗಾದ್ರೂ ಮನುಷ್ಯರ ಥರ ಇರಿ.

ಕುರಾಮೋಚಿ: ಮಗುವಂತೆ ಮಗು! ರೈಲು ಓಡಿಸೋಳು ಮಗುವಾದ್ರೆ ಒಳಗೆ ಕೂತೋರ ಗತಿ ಏನು? ಆರು ತಿಂಗಳಿಂದ ದಿನಾ ಪ್ಲಾಟ್‌ಫಾರಮ್ಮಲ್ಲಿ ನಿಂತು ನೋಡ್ತಿದೀನಿ. ದಿನಾ ಅರ್ಧ ನಿಮಿಷ ಮೊದಲೇ ಹೊರಡ್ತಾಳೆ. ತಡವಾದ್ರೆ ಹಿಮ ಅನ್ನಬಹುದು, ಜಿಂಕೆ ಅಡ್ಡ ಬಂತು ಅನ್ನಬಹುದು. ಮೊದಲೇ ಹೊರಡೋಳು ಏನಂತಾಳೆ?

ಹಿಸಾನೊ: ಆ ಅರ್ಧ ನಿಮಿಷದಲ್ಲಿ ಯಾರಿಗೆ ರೈಲು ತಪ್ಪಿತು?

ಕುರಾಮೋಚಿ: ನಿಯಮಕ್ಕೆ ತಪ್ಪಿತು.

ಹಿಸಾನೊ: ಓಹೋ, ನಿಯಮ ಟಿಕೆಟ್ ತಗೊಂಡಿತ್ತಾ? ನೀವು ದೂರು ಕೊಟ್ರಿ. ಇವತ್ತು ಸಂಜೆ ಅವಳನ್ನ ಗಾಡಿಯಿಂದ ಇಳಿಸಿ ಲೈನಿನ ಆ ತುದಿಯ ಕಚೇರಿ ಮೂಲೇಲಿ ಕೂರಿಸ್ತಾರೆ. ಅಲ್ಲಿನ ತಾಶಿರೊ ಸಾಹೇಬ ಅವಳ ಗಡಿಯಾರವನ್ನ ನೋಡಲೂ ಇಲ್ಲವಂತೆ. 'ಕುರಾಮೋಚಿ ಸಾನ್ ವಾಚು ಹೇಳಿದ್ಮೇಲೆ ಮುಗೀತು' ಅಂದನಂತೆ.

ಕುರಾಮೋಚಿ: ತಾಶಿರೊ ನನ್ನ ಕೈಕೆಳಗೆ ಕಲಿತವನು.

ಹಿಸಾನೊ: ಅದಕ್ಕೇ ಅವನಿಗೂ ಬುದ್ಧಿ ಬಲೀಲಿಲ್ಲ.

ಬಾಗಿಲು ಸರಿಯಿತು. ಸಮವಸ್ತ್ರ ತೊಟ್ಟ ನೀಮುರಾ ಎಂಬ ಹುಡುಗಿ, ಎದೆಗವಚಿಕೊಂಡಿದ್ದ ಬಟ್ಟೆಯ ಗಂಟಿನೊಂದಿಗೆ ಒಳಗೆ ಬಂದಳು. ಗಂಟಿನೊಳಗೆ ಯೋಕಾನ್ ಮಿಠಾಯಿಯ ಡಬ್ಬಿ ಇದೆಯೆಂದು ಬಿಚ್ಚದೆಯೇ ಹೇಳಬಹುದಿತ್ತು. ತಪ್ಪೊಪ್ಪಿಕೊಳ್ಳಲು ಬರುವವರು ಇನ್ನೇನು ತರುತ್ತಾರೆ? ಅವಳು ಸೊಂಟದಿಂದ ಬಾಗಿದಳು.

ನೀಮುರಾ: ಕ್ಷಮಿಸ್ಬೇಕು. ನಾನು ನೀಮುರಾ. ನನ್ನಿಂದ ನಿಮಗೆ—

ಕುರಾಮೋಚಿ: ಶ್! ಹಾಗೇ ಇರು! ಇನ್ನೇನು ಒಂದಾಗುತ್ತೆ.

ಹುಡುಗಿ ಬಾಗಿದಲ್ಲೇ ನಿಂತಳು.

ಹಿಸಾನೊ: ನೆಟ್ಟಗಾಗಮ್ಮ, ಬೆನ್ನು ಹಿಡ್ಕೊಳ್ಳುತ್ತೆ.

ಕುರಾಮೋಚಿ: ಬೇಡ! ಬಟ್ಟೆ ಸರಬರ ಅನ್ನುತ್ತೆ. ನೋಡಿದ್ಯಾ, ಮನೆಗೆ ಬರೋದ್ರಲ್ಲೂ ಹೊತ್ತಿಗೆ ಮೊದಲೇ!

ಅವರು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಕಣ್ಣು ಮುಚ್ಚಿದರು. ಹೊಸ ರೇಡಿಯೋದಲ್ಲಿ ಯಾರೋ ಹೆಂಗಸು ಬಂದರಿನ ಬಗ್ಗೆ ಹಾಡುತ್ತಿದ್ದಳು. ಅಷ್ಟರಲ್ಲಿ ಗೋಡೆಯಾಚೆಯ ಓಜಾಕಿಯ ಕಟಿಂಗ್ ಶಾಪಿನಿಂದ ಖಣಿಲೆಂದು ಕೇಳಿಸಿತು: ಪಿಪ್, ಪಿಪ್, ಪಿಪ್, ಪೀಂ!

ಹಿಸಾನೊ: ಒಂದಾಯ್ತಲ್ಲ, ಒತ್ತಿ.

ಕುರಾಮೋಚಿ: ಅದು ಓಜಾಕಿ ಅಂಗಡೀದು. ಅವನು ಒಂಬತ್ತಕ್ಕೆ ಮುಂಚೆ ಅಂಗಡಿ ತೆಗೆಯೋ ಮನುಷ್ಯ ಅಲ್ಲ, ಅವನ ರೇಡಿಯೋ ನೋಡಿದ್ರೆ ಮುಂದೆ ಓಡ್ತಿದೆ.

ಹಿಸಾನೊ: ರೇಡಿಯೋ ಎಲ್ಲಿಗ್ರೀ ಓಡುತ್ತೆ? ಅದಕ್ಕೇನು ಕೀ ಕೊಡ್ತಾರಾ?

ಕುರಾಮೋಚಿ: ಅಗ್ಗದ ಡಬ್ಬಾ. ಅಂಥವು ಏನು ಬೇಕಾದ್ರೂ ಮಾಡ್ತವೆ. ನೀನು ಸುಮ್ನಿರು!

ಬಂದರಿನ ಹೆಂಗಸು ತನ್ನ ಗೋಳು ಮುಗಿಸಿದಳು. ಆಮೇಲೆ ಮೇಜಿನ ಮೇಲಿಂದ, ಬಲು ಸ್ಪಷ್ಟವಾಗಿ: ಪಿಪ್, ಪಿಪ್, ಪಿಪ್, ಪೀಂ. ಕುರಾಮೋಚಿಯವರ ಹೆಬ್ಬೆರಳು ಅಲುಗಲಿಲ್ಲ.

ನೀಮುರಾ (ನೆಲಕ್ಕೇ ಹೇಳುವಂತೆ): ಕುರಾಮೋಚಿ ಸಾನ್... ಆ ರೇಡಿಯೋ ಇಂಟರ್ನೆಟ್ಟಿಂದ ನಡೆಯೋದಾ?

ಕುರಾಮೋಚಿ: ಆದ್ರೇನೀಗ? ಗರಗರ ಇಲ್ಲ, ಏನಿಲ್ಲ. ನನ್ನ ಮಗ ಕಳಿಸಿದ್ದು.

ನೀಮುರಾ: ಅದ್ರಲ್ಲಿ ಎಲ್ಲಾ ಸ್ವಲ್ಪ ತಡವಾಗಿ ಬರುತ್ತೆ... ಅರ್ಧ ನಿಮಿಷದಷ್ಟು. ಹೇಳಿದ್ದಕ್ಕೆ ಕ್ಷಮಿಸ್ಬೇಕು.

ಹಿಸಾನೊ: ಎಷ್ಟಮ್ಮ?

ನೀಮುರಾ: ಅರ್ಧ ನಿಮಿಷ.

ಹಿಸಾನೊ: ನಂಗೆ ಕೇಳಿಸ್ತು. ಇವರಿಗೋಸ್ಕರ ಇನ್ನೊಂದ್ಸಲ ಜೋರಾಗಿ ಹೇಳು.

ಕುರಾಮೋಚಿ: ಓಜಾಕೀದು ಸರಿಯಿದೆ ಅಂತ ಯಾರು ಹೇಳಿದ್ದು? ಯಾವ ತಿಪ್ಪೆಯಿಂದ ತಂದ ಡಬ್ಬಾನೋ ಏನೋ!

ಹಿಸಾನೊ: ನಿಮ್ದೇ ಡಬ್ಬಾ. ಮಗನದು ಬಂದ ದಿನ 'ಈ ದರಿದ್ರಾನ ಬಿಸಾಕು' ಅಂದ್ರಲ್ಲ, ಗೋಡೆ ಮೇಲಿಂದ ಓಜಾಕಿಗೆ ದಾಟಿಸ್ದೆ. ಅವನು ಒಂದು ಹೊರೆ ಮೂಲಂಗಿ ಕೊಟ್ಟ. ಬೆಳಿಗ್ಗೆ ನಿಮ್ಮ ತಟ್ಟೇಲಿದ್ದ ಉಪ್ಪಿನಕಾಯಿ ಅದೇ.

ಕುರಾಮೋಚಿಯವರ ಮುಖ ಬಿಳಿಚಿಕೊಂಡಿತು. ಹಿಸಾನೊಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಆದರೆ ಬಾಗಿದಲ್ಲೇ ಇದ್ದ ಹುಡುಗಿಯ ಬೆನ್ನು ಕಣ್ಣಿಗೆ ಬಿತ್ತು, ಆ ಅಯ್ಯೋ ಹಾಗೇ ಇಂಗಿಹೋಯಿತು.

ಹಿಸಾನೊ: ಈಗೇನು ಮಾಡ್ತೀರಿ?

ಕುರಾಮೋಚಿ: ನಿನ್ನ ಗಾಡೀಲೇ ಬಂದು ತಾಶಿರೊ ಎದುರಿಗೇ ಹೇಳ್ತೀನಮ್ಮ, ತಪ್ಪು ನಂದು ಅಂತ.

ಹಿಸಾನೊ: ಫೋನಲ್ಲಿ ಹೇಳಿದ್ರೆ ಬೇಡ ಅಂತಾನಾ?

ಕುರಾಮೋಚಿ: ಫೋನಲ್ಲಿ ಕ್ಷಮೆ ಕೇಳೋಕೆ ನಾನೇನು ಊಟದ ಆರ್ಡರ್ ಕೊಡ್ತಿದೀನಾ? ಬರಿಗೈಲೂ ಹೋಗಲ್ಲ. ಯೋಕಾನ್ ತರೋಣ, ದೊಡ್ಡ ಡಬ್ಬಿ. ನೀನು ತಂದದ್ದನ್ನ ವಾಪಸ್ ತಗೊಂಡ್ಹೋಗಮ್ಮ, ಇದು ನಂಗೆ ಗಂಟಲಲ್ಲಿ ಇಳಿಯಲ್ಲ.

ನೀಮುರಾ: ಗಾಡಿ ಒಂದೂ ಮೂವತ್ತೈದಕ್ಕೆ...

ಕುರಾಮೋಚಿ: ಆ ಗಾಡಿ ಹೊತ್ತು ನಂಗೆ ಹೇಳಿಕೊಡ್ತೀಯಾ? ನಡಿ, ನಡಿ!

ಹುಡುಗಿ ಓಡಿದಳು. ಕುರಾಮೋಚಿ ಗಡಿಯಾರ ಕಟ್ಟಿಕೊಂಡು ಹೆಂಡತಿಯೊಡನೆ ಮಿಠಾಯಿ ಅಂಗಡಿಗೆ ಹೋದರು. ಅಲ್ಲಿ ಶುರುವಾಯಿತು ನೋಡಿ! ಚೆಸ್ಟ್‌ನಟ್ ಬೀಜ ಹಾಕಿದ್ದೋ, ಹಾಕದ್ದೋ? ಕಾಗದದ ಮಡಿಕೆ ಸೊಟ್ಟಗಿದೆ, ಬಿಚ್ಚಿ ಮತ್ತೆ ಕಟ್ಟು. ದಾರ ಕೆಂಪಾದರೆ ಮದುವೆಗೆ ಹೋದಂತಾಗುತ್ತೆ, ಬೇರೆ ಹಾಕು.

ಹಿಸಾನೊ: ರೀ, ಹೊತ್ತಾಗಿಹೋಯ್ತು.

ಕುರಾಮೋಚಿ (ತೋಳು ಸರಿಸಿ ಮಣಿಕಟ್ಟಿನ ಕಡೆ ಕಣ್ಣಾಡಿಸಿ): ಬೇಕಾದಷ್ಟಿದೆ. ಅರ್ಧ ನಿಮಿಷ ಹಿಂದಿದೆ ಅಂತ ಲೆಕ್ಕ ಹಿಡಿದ್ರೂ ಬೇಕಾದಷ್ಟಿದೆ.

ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ರೈಲಿನ ಬಾಗಿಲು ಮುಚ್ಚಿತು. ಗಾಜಿನಾಚೆ ನೀಮುರಾ, ಹೊರಡುವ ಮುನ್ನ ಡ್ರೈವರುಗಳು ಮಾಡುವಂತೆ, ಬಿಳಿ ಕೈಗವಸಿನ ಬೆರಳನ್ನು ಗಡಿಯಾರದತ್ತ ಚಾಚಿ, ಸಿಗ್ನಲ್ಲಿನತ್ತ ಚಾಚಿ, ಏನೋ ಕೂಗಿ ಹೇಳಿಕೊಂಡಳು. ಡಬ್ಬಿ ಎತ್ತಿಹಿಡಿದು ಓಡಿಬರುತ್ತಿದ್ದ ಮುದುಕನನ್ನು ಕಂಡಳು. ಮುಖ ಹಿಂಡಿದಂತಾಯಿತು, ತಲೆ ತಗ್ಗಿಸಿದಳು. ರೈಲು ಹೊರಟೇಹೋಯಿತು.

ಕುರಾಮೋಚಿ: ಹೊರಟಳು! ಮತ್ತೆ ಮೊದಲೇ ಹೊರಟಳು! ಅರ್ಧ ನಿಮಿಷ ಅಲ್ಲ ಕಣೆ, ಈ ಸಲ ಅರ್ಧ ಗಂಟೆ ಮೊದಲು! ನೋಡಿಲ್ಲಿ, ಮುಳ್ಳು ಇನ್ನೂ ಒಂದರ ಮೇಲೇ ಇದೆ!

ಹಿಸಾನೊ ಗಂಡನ ಮಣಿಕಟ್ಟು ಹಿಡಿದು ಅವರ ಮೂಗಿನ ಹತ್ತಿರಕ್ಕೇ ತಂದಳು. ಸೆಕೆಂಡಿನ ಮುಳ್ಳು ನೆಟ್ಟಗೆ ನಿಂತಿತ್ತು. ಗುಂಡಿ ಇನ್ನೂ ಹೊರಗೇ ಇತ್ತು.

ಕುರಾಮೋಚಿ ಅದನ್ನೇ ನೋಡಿದರು, ಆಮೇಲೆ ಖಾಲಿ ಹಳಿಯನ್ನು ನೋಡಿದರು. ಈಗ ಯಾರ ಮೇಲೆ ಹರಿಹಾಯುತ್ತಾರೋ ಎಂದು ಹಿಸಾನೊ ಕಾದಳು.

ಕುರಾಮೋಚಿ: ನನ್ನನ್ನ ನೋಡಿದ್ಲು ಅಲ್ವೇನೆ?

ಹಿಸಾನೊ: ಚೆನ್ನಾಗಿ ನೋಡಿದ್ಲು.

ಕುರಾಮೋಚಿ: ಅವಳ ಕೆಲಸ ಉಳಿಸೋಕೆ ಓಡಿಬರ್ತಿದೀನಿ ಅಂತಾನೂ ಗೊತ್ತಿತ್ತು. ಆದ್ರೂ ಒಂದು ಸೆಕೆಂಡು ಕಾಯಲಿಲ್ಲ! ಡ್ರೈವರ್ ಅಂದ್ರೆ ಇವಳು ಕಣೆ! ತಾಶಿರೊಗೆ ಇದನ್ನೇ ಹೇಳ್ತೀನಿ. ಬೇರೆ ಸಾಕ್ಷಿ ಯಾಕೆ, ಅವಳು ಬಿಟ್ಟುಹೋದ ಮುದುಕ ನಾನೇ ಇದೀನಲ್ಲ!

ಹಿಸಾನೊ: ಮುಂದಿನ ಗಾಡಿ ಎರಡೂವರೆಗೆ. ಅದರಲ್ಲಿ ಹೋದ್ರೂ ಸಂಜೆಯೊಳಗೆ ಹೇಳಬಹುದು.

ಕುರಾಮೋಚಿ ಬೆಂಚಿನ ಮೇಲೆ ಕೂತರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಳ್ಳುಗಳನ್ನು ಎರಡೂವರೆಗೆ ತಿರುಗಿಸಿ, ಗೆರೆ ದಾಟಿಸಿ, ಕೂದಲಷ್ಟು ಹಿಂದಕ್ಕೆ ತಂದರು. ಹೆಬ್ಬೆರಳು ಗುಂಡಿಯ ಮೇಲೆ ಕೂತಿತು.

ಕುರಾಮೋಚಿ: ಗಾಡಿ ಅಲುಗಿದ ಕ್ಷಣ ಒತ್ತಿಬಿಡ್ತೀನಿ. ಇನ್ಮೇಲೆ ರೈಲೇ ನಂಗೆ ಗಡಿಯಾರ.

ಹಿಸಾನೊ: ಒತ್ತಿ, ಒತ್ತಿ. ಅಲ್ಲೀವರೆಗೂ ನಾನು ಉಸಿರಾಡಬಹುದೇನ್ರೀ?