ಬೆಳಗಿದ ಸುರುಳಿಗಳು

ಮಗನ ಯಂತ್ರವನ್ನು ಸಾಯಂಕಾಲ ನಾಲ್ಕಕ್ಕೆ ಅವನ ಪಿಎಚ್‌ಡಿ ಗೈಡ್ ಅನುಪಮಾ ಮೇಡಂ ವೀಡಿಯೋ ಕಾಲ್‌ನಲ್ಲಿ ನೋಡುತ್ತಾರೆಂದು ತಿಳಿದ ಸುಲೋಚನಮ್ಮ, ಬೆಳಿಗ್ಗೆಯೇ ಅದರ ಇನ್ನೂರು ತಾಮ್ರದ ಸುರುಳಿಗಳನ್ನೂ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟರು. ಮಗ ಹೊನ್ನೇಶ್ ಸ್ನಾನ ಮುಗಿಸಿ ಬಂದಾಗ ಅವು ಹಿತ್ತಲ ಕಲ್ಲಿನ ಮೇಲೆ ಮದುವೆಮನೆಯ ಲೋಟಗಳಂತೆ ಫಳಫಳಿಸುತ್ತಿದ್ದವು.

"ಕಿಲುಬು ಹಿಡ್ದಿತ್ತು ಕಣೋ. ದೊಡ್ಡೋರು ನೋಡೋ ಸಾಮಾನು, ಹಂಗೇ ಇಡಕ್ಕಾಗುತ್ತಾ?"

ಹೊನ್ನೇಶ್ ಒಂದು ಸುರುಳಿ ಎತ್ತಿ ಕೊಡವಿದ; ಪದರಗಳಿಂದ ನೀರು ಸುರಿಯಿತು. ತೆಳ್ಳನೆಯ ಪ್ಲಾಸ್ಟಿಕ್ಕಿಗೆ ತಾಮ್ರ ಹಚ್ಚಿ ಚಾಪೆಯಂತೆ ಸುತ್ತಿದ ಸುರುಳಿಗಳು ಅವು. ಒತ್ತಾಗಿ ಜೋಡಿಸಿಟ್ಟರೆ, ಹದಿನಾಲ್ಕು ಮೀಟರ್ ಉದ್ದದ ರೇಡಿಯೋ ಅಲೆಯ ಕಾಂತಶಕ್ತಿಯಿಂದಲೇ ಬೆರಳಗಲ ಅಂತರದ ಎರಡು ತಂತಿಗಳನ್ನು ಬೇರೆಬೇರೆಯಾಗಿ ತೋರಿಸಬೇಕು. ತೆಂಗಿನ ಮರ ಹಿಡಿದು ಮಲ್ಲಿಗೆ ಪೋಣಿಸುವಂಥ ಕೆಲಸ. ಎಂಟು ವರ್ಷ ಇದಕ್ಕೇ ಹೋಗಿತ್ತು. ಲ್ಯಾಬಿನ ಗದ್ದಲ ಬೇಡವೆಂದು ಅಜ್ಜಂಪುರದ ಮನೆಯ ಕೊಬ್ಬರಿ ಕೋಣೆಗೆ ಎಲ್ಲವನ್ನೂ ತಂದಿಟ್ಟುಕೊಂಡಿದ್ದ. ಇವತ್ತು ತಂತಿ ಎರಡಾಗಿ ಕಂಡರೆ ಥೀಸಿಸ್ ಒಪ್ಪಿಸಿ ಬಿಡುಗಡೆ. ಒಂದಾಗಿ ಕಂಡರೆ ಇನ್ನೊಂದು ವರ್ಷ.

ಪಕ್ಕದ ಮನೆಯ ಕಲ್ಲೇಶಪ್ಪ ಬಂದು, ತನ್ನ ನೆನೆದ ಮೊಬೈಲು ಅಕ್ಕಿ ಡಬ್ಬಿಯಲ್ಲಿ ಮಲಗಿ ಬದುಕಿದ ಕತೆ ಹೇಳಿದ. ಅಷ್ಟು ಅಕ್ಕಿ ಮನೆಯಲ್ಲಿಲ್ಲವೆಂದು ತಾನೇ ಸುರುಳಿಗಳನ್ನೆಲ್ಲ ರಾಗಿ ಮೂಟೆಗೆ ಸುರಿದ. ಮಧ್ಯಾಹ್ನ ತೆಗೆದರೆ ಒದ್ದೆಯೂ ಆರಿರಲಿಲ್ಲ, ಪದರಪದರಕ್ಕೂ ರಾಗಿ ಸೇರಿತ್ತು. ಒಂದೊಂದನ್ನೇ ಕೊಡವುತ್ತ ಕಲ್ಲೇಶಪ್ಪ, ಬೋರ್‌ವೆಲ್ ಪಾಯಿಂಟು ಇದರಲ್ಲಿ ಕಾಣುತ್ತದೆಯೇ ಎಂದು ವಿಚಾರಿಸಿದ. ಅಷ್ಟು ದೂರದ್ದಲ್ಲ, ಯಂತ್ರಕ್ಕೆ ತಾಗಿಕೊಂಡಿರುವುದಷ್ಟೇ ಕಾಣುವುದೆಂದ ಹೊನ್ನೇಶ್.

"ಏನಪ್ಪಾ, ಮೂಗಿನ ಕೆಳಗಿರೋದನ್ನ ನೋಡಕ್ಕೆ ಎಂಟು ವರ್ಷ ಓದಿದ್ಯಾ?"

ನಾಲ್ಕಕ್ಕೆ ಮೇಡಂ ಫೋನಿನಲ್ಲಿ ಪ್ರತ್ಯಕ್ಷರಾದರು. ಹದಿನಾಲ್ಕು ಮೀಟರಿನ ಅಲೆಗೆ ಸುರುಳಿಗಳು ಕಮಕ್ ಕಿಮಕ್ ಎನ್ನಲಿಲ್ಲ. ಒದ್ದೆಗೆ ಅವುಗಳ ಶ್ರುತಿ ಇಳಿದಿರಬಹುದೆಂದು ಹೊನ್ನೇಶ್ ಅಲೆಯನ್ನು ಉದ್ದ ಮಾಡುತ್ತ ಹೋದ. ಮೂವತ್ತಮೂರು ಮೀಟರಿಗೆ ಬಂದಾಗ ಪರದೆಯ ಮೇಲೆ ಎರಡು ಗೆರೆ ಮೂಡಿದವು, ನಡುವೆ ಬೈತಲೆ ತೆಗೆದಂಥ ಸಂದು.

"ಇಷ್ಟುದ್ದದ ಅಲೇಲಿ ಇಷ್ಟು ಸ್ಪಷ್ಟವಾಗಿ ಯಾರೂ ತೋರ್ಸಿಲ್ಲ," ಎಂದರು ಮೇಡಂ. "ಏನು ಮಾಡಿದ್ರಿ ಹೊನ್ನೇಶ್?"

ಹೊನ್ನೇಶ್ ತಾಯಿಯ ಕಡೆ ನೋಡದೆ, "ಹೊಸ ವಿಧಾನ ಮೇಡಂ. ನಾನೇ ಕಂಡುಹಿಡಿದೆ," ಎಂದ.

"ಹಾಗಿದ್ರೆ ಹಳೇ ಥೀಸಿಸ್ ಬಿಟ್ಬಿಡಿ. ಇದರ ಮೇಲೇ ಹೊಸದಾಗಿ ಶುರು ಮಾಡಿ. ಮೂರು ವರ್ಷ ಸಾಕು."

ಹೊನ್ನೇಶ್ ಫೋನನ್ನು ಹತ್ತಿರಕ್ಕೆ ಎಳೆದುಕೊಂಡ. "ಸುಳ್ಳು ಹೇಳ್ದೆ ಮೇಡಂ. ನಾನೇನೂ ಮಾಡಿಲ್ಲ. ನಮ್ಮಮ್ಮ ತೊಳೆದ್ರು, ಅಷ್ಟೇ."

ಮೇಡಂ, ಫೋನು ತಾಯಿಗೆ ಕೊಡಿ ಎಂದರು.

ಐದು ನಿಮಿಷ ಹೂಂಗುಟ್ಟಿದ ಸುಲೋಚನಮ್ಮ ಫೋನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡರು.

"ಸಂಶೋಧನೆ ಪೇಪರಲ್ಲಿ ಮೊದ್ಲು ನನ್ನ ಹೆಸರಂತೆ. ಆ ಮೂರು ವರ್ಷ ನೀನು ನನ್ನ ಕೈಕೆಳಗೆ ಕೆಲ್ಸ ಕಲೀಬೇಕಂತೆ. ಏಳೋ, ತಂತಿ ಎತ್ತಿಡು. ಹೇಳಿದ್ದು ಒಂದ್ಸಲಕ್ಕೆ ಮಾಡೋನಲ್ಲ ಅಂತ ಅವ್ರಿಗೂ ಹೇಳಿದೀನಿ."